ಪುರಂದರದಾಸರ ಪದದ ಮೇಲೆ ಹಕ್ಕು ಯಾರದು?

ಪ್ರಶ್ನೆ: ನಾವು ಮುಂಬಯಿ ಪಕ್ಕದ ಡೊಂಬಿವಲಿಯ ಕನ್ನಡಿಗರು. ಹೆಂಗಸರೇ ಸೇರಿ ನಡೆಸುವ ಸಣ್ಣ ಭಜನಾ ಮಂಡಳಿ ನಮ್ಮದು. ಗಣೇಶೋತ್ಸವದಲ್ಲಿ ಪುರಂದರದಾಸರ ಎರಡು ಪದ ಹಾಡಿ, ಅದರ ವಿಡಿಯೋ ಯೂಟ್ಯೂಬಿಗೆ ಹಾಕಿದೆವು. ಎರಡೇ ದಿನದಲ್ಲಿ ಕಾಪಿರೈಟ್ ಕ್ಲೇಮ್ ಬಂತು, ಧ್ವನಿ ಹೋಯ್ತು. ಈ ಸಲ ಒಂದು ನಾಟಕ ಆಡೋಣ ಎಂದರೆ ‘ಸೆನ್ಸಾರ್ ಸರ್ಟಿಫಿಕೇಟ್ ಎಲ್ಲಿ’ ಎಂದು ಸಭಾಂಗಣದವರು ಕೇಳುತ್ತಾರೆ. ನನ್ನ ಅಪ್ಪ ಮುಂಬಯಿ ಫೋರ್ಟಿನ ಹೋಟೆಲಿನಲ್ಲಿ ದುಡಿಯುತ್ತಾ ಕೂಡಿಟ್ಟ ಗ್ರಾಮೊಫೋನ್ ತಟ್ಟೆಗಳಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿ ಎಲ್ಲರಿಗೂ ಕೇಳಿಸುವ ಆಸೆ. ‘ಜೈಲಿಗೆ ಹೋಗ್ತೀಯಾ’ ಎಂದು ಮಗ ಹೆದರಿಸುತ್ತಾನೆ. ದುಡ್ಡು ಕೊಟ್ಟ ಇ-ಪುಸ್ತಕವೂ ಒಂದು ದಿನ ಫೋನಿನಿಂದ ಮಾಯವಾಯ್ತು. ನಾವೇನು ಕಳ್ಳರಾ? ಎಲ್ಲ ಬಿಟ್ಟುಬಿಡೋಣ ಅನ್ನಿಸಿದೆ.

ಉತ್ತರ: ಬಿಡಬೇಡಿ. ಅದನ್ನು ಮೊದಲು ಹೇಳಿ ಆಮೇಲೆ ಕಾನೂನಿಗೆ ಬರುತ್ತೇನೆ.

ಮುಂಬಯಿಯಲ್ಲಿ 25 ವರ್ಷದಿಂದ ಕಾಪಿರೈಟ್ ಕೇಸುಗಳನ್ನು ನೋಡುತ್ತಿರುವ ವಕೀಲ ನಾನು. ನಿಮ್ಮಂಥ ಮಂಡಳಿಗಳ ಫೋನು ನನಗೆ ಆಗಾಗ ಬರುತ್ತದೆ. ಆದರೆ ‘ನಾವೇನು ಕಳ್ಳರಾ’ ಎಂಬ ಮಾತು ಓದಿ ಸಂಕಟವಾಯ್ತು. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಈಗ ಏನೂ ಕದಿಯದವರೇ ಹೆಗಲು ಒರೆಸಿಕೊಳ್ಳುತ್ತಾ ಕೂತಿದ್ದಾರೆ. ನಮ್ಮ ಕಾನೂನು ನಿಮಗೆ ಕೊಟ್ಟಿರುವ ಜಾಗ ನೀವು ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡದು. ಅದನ್ನು ಕಿರಿದು ಮಾಡಿರುವುದು ಯೂಟ್ಯೂಬಿನಲ್ಲಿ ಹಾಡು ತಾಳೆ ನೋಡುವ ಯಂತ್ರ, ಮತ್ತು ಯಂತ್ರದ ಬಗ್ಗೆ ನಮಗಿರುವ ಹೆದರಿಕೆ.

ದಾಸರ ಪದದಿಂದ ಶುರು ಮಾಡೋಣ. ಒಂದು ಹಾಡಿನಲ್ಲಿ ಮೂರು ಪದರ ಇರುತ್ತವೆ. ಸಾಹಿತ್ಯ ಒಂದು, ಧಾಟಿ ಒಂದು, ರೆಕಾರ್ಡಿಂಗ್ ಒಂದು. ಮೂರಕ್ಕೂ ಬೇರೆ ಬೇರೆ ಹಕ್ಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಅವರ ಬರವಣಿಗೆಯ ಮೇಲೆ ಹಕ್ಕು ಉಳಿಯುತ್ತದೆ. ಆಮೇಲೆ ಅದು ಎಲ್ಲರದು. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅವರ ಸಾಹಿತ್ಯದ ಮೇಲೆ ಈ ಭೂಮಿಯ ಮೇಲಿನ ಯಾವ ಕಂಪನಿಗೂ ಹಕ್ಕಿಲ್ಲ.

ಧಾಟಿಯಲ್ಲಿ ಸ್ವಲ್ಪ ಎಚ್ಚರ ಬೇಕು. ನಿಮ್ಮ ಅಜ್ಜಿ ಹಾಡುತ್ತಿದ್ದ ಧಾಟಿ ಯಾರ ಸ್ವತ್ತೂ ಅಲ್ಲ. ಆದರೆ ದಾಸರ ಎಷ್ಟೋ ಪದಗಳಿಗೆ ಈಚಿನ ಸಂಗೀತಗಾರರು ಹೊಸದಾಗಿ ರಾಗ ಹಾಕಿದ್ದಾರೆ. ಅಂಥ ಹೊಸ ರಾಗ ಸಂಯೋಜನೆ ಅದನ್ನು ಮಾಡಿದವರದು. ನೀವು ಹಾಡಿದ್ದು ಯಾವುದು ಎಂದು ಮಂಡಳಿಯಲ್ಲಿ ಹಿರಿಯರನ್ನು ಕೇಳಿ ನೋಡಿ.

ಮೂರನೆಯದು ರೆಕಾರ್ಡಿಂಗ್. ಗದಗಿನಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ದಾಸವಾಣಿ ನಮ್ಮೆಲ್ಲರ ಮನೆಯಲ್ಲೂ ಕೇಳಿದೆ, ಅಲ್ವಾ? ಅವರು ಹಾಡಿದ ಆ ಧ್ವನಿಮುದ್ರಣಕ್ಕೆ ಹಕ್ಕಿದೆ. ಅದನ್ನು ಎತ್ತಿ ನಿಮ್ಮ ವಿಡಿಯೋಗೆ ಹಾಕಿದರೆ ತಪ್ಪು. ಅದೇ ಪದವನ್ನು ನಿಮ್ಮ ಗಂಟಲಲ್ಲಿ ಹಾಡಿದರೆ ಆ ರೆಕಾರ್ಡಿಂಗಿಗೂ ನಿಮಗೂ ಸಂಬಂಧವೇ ಇಲ್ಲ.

ಯಂತ್ರಕ್ಕೆ ಈ ಮೂರು ಪದರ ಬಿಡಿಸಿ ನೋಡಲು ಬರುವುದಿಲ್ಲ. ಯೂಟ್ಯೂಬ್ 2007ರಲ್ಲಿ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ತಂದಿತು. ದೊಡ್ಡ ಕಂಪನಿಗಳು ತಮ್ಮ ರೆಕಾರ್ಡಿಂಗುಗಳನ್ನು ಅದಕ್ಕೆ ಕೊಟ್ಟಿರುತ್ತವೆ. ಯಂತ್ರ ಪ್ರತಿಯೊಂದಕ್ಕೂ ಒಂದು ಬೆರಳಚ್ಚಿನಂಥ ಗುರುತು ಮಾಡಿ ಇಟ್ಟುಕೊಳ್ಳುತ್ತದೆ. ನೀವು ಹಾಕಿದ ವಿಡಿಯೋದ ಗುರುತನ್ನು ಅದರ ಜೊತೆ ತಾಳೆ ನೋಡುತ್ತದೆ. ರೆಕಾರ್ಡಿಂಗ್ ಮಾತ್ರವಲ್ಲ, ರಾಗದ ಏರಿಳಿತವನ್ನೂ ಹೋಲಿಸುತ್ತದೆ. ಅದೇ ಪದ, ಅದೇ ಧಾಟಿ, ಅದೇ ಕಾಲಪ್ರಮಾಣ, ಮೇಲೆ ಫೋನಿನ ಆ್ಯಪಿನಿಂದ ಬಂದ ಅದೇ ತಂಬೂರಿ ಶ್ರುತಿ. ಇಷ್ಟು ಸಿಕ್ಕರೆ ಯಂತ್ರ ‘ಇದು ಅದೇ’ ಎಂದುಬಿಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹಾಗಾಗಿ ಹೀಗೆ ಮಾಡಿ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಹಿನ್ನೆಲೆಗೆ ಕರೋಕೆ ಟ್ರ್ಯಾಕ್ ಹಾಕಿದ್ದೆವಾ? ಪೆಂಡಾಲಿನ ಸ್ಪೀಕರಿನಲ್ಲಿ ಬೇರೆ ಹಾಡು ಬರುತ್ತಿತ್ತಾ? ಹೌದು ಎಂದಾದರೆ ಕ್ಲೇಮಿನಲ್ಲಿ ಅರ್ಥವಿದೆ. ಆ ಭಾಗ ತೆಗೆಯಿರಿ. ಇಲ್ಲ ಎಂದಾದರೆ ಕ್ಲೇಮನ್ನು ಪ್ರಶ್ನಿಸುವ ‘ಡಿಸ್ಪ್ಯೂಟ್’ ಒತ್ತಿ. ಬರೆಯಬೇಕಾದ್ದು ನಾಲ್ಕೇ ವಾಕ್ಯ. ಸಾಹಿತ್ಯ 1564ರಲ್ಲಿ ತೀರಿಕೊಂಡ ಪುರಂದರದಾಸರದು. ಧಾಟಿ ಸಾಂಪ್ರದಾಯಿಕ. ಹಾಡಿದವರು, ನುಡಿಸಿದವರು ನಮ್ಮ ಮಂಡಳಿಯವರೇ. ಬೇರೆ ಯಾರ ರೆಕಾರ್ಡಿಂಗನ್ನೂ ಬಳಸಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ, ಹೆಚ್ಚು ವಾದ ಬೇಡ. ಕ್ಲೇಮ್ ಹಾಕಿದವರಿಗೆ 30 ದಿನ ಸಮಯ ಇರುತ್ತದೆ. ಅವರು ಸುಮ್ಮನಿದ್ದರೆ ಕ್ಲೇಮ್ ತಾನಾಗಿಯೇ ಬಿದ್ದುಹೋಗುತ್ತದೆ. ಒಪ್ಪದಿದ್ದರೆ ನೀವು ಅಪೀಲು ಹಾಕಬಹುದು. ಆಗ ಅವರಿಗೆ ಇರುವುದು 7 ದಿನ ಮಾತ್ರ.

ಜನ ಸೋಲುವುದು ಈ ಅಪೀಲಿನ ಹತ್ತಿರ. ಹೆಸರು, ವಿಳಾಸ ಕೇಳುವ ಪರದೆ ಬರುತ್ತದೆ. ಕಾನೂನು ಕ್ರಮ ಎಂಬ ಪದ ಕಾಣುತ್ತದೆ. ‘ಯಾಕೆ ಬೇಕು ಗೋಳು’ ಎಂದು ಫೋನು ಕೆಳಗಿಡುತ್ತಾರೆ. ಒಂದು ಮಾತು ತಿಳಿದುಕೊಳ್ಳಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ನಿಮಗೆ ಬಂದಿರುವುದು ಕ್ಲೇಮ್. ಅದರಿಂದ ಚಾನೆಲಿಗೆ ಏನೂ ಆಗುವುದಿಲ್ಲ. ಕ್ಲೇಮ್ ಹಾಕಿದವರು ವಿಡಿಯೋ ತೆಗೆಸಲು ಲಿಖಿತವಾಗಿ ಕೇಳಿದರೆ ಮಾತ್ರ ಸ್ಟ್ರೈಕ್, ಅಂದರೆ ಚಾನೆಲಿನ ಮೇಲೆ ಬೀಳುವ ಎಚ್ಚರಿಕೆಯ ಗುರುತು. 90 ದಿನದಲ್ಲಿ 3 ಸ್ಟ್ರೈಕ್ ಬಂದರೆ ಚಾನೆಲ್ ಹೋಗಬಹುದು. ಸ್ಟ್ರೈಕಿಗೂ ಎದುರು ನೋಟಿಸ್ ಕೊಡುವ ದಾರಿ ಇದೆ. ನಿಮ್ಮ ಕಡೆ ಸತ್ಯ ಇದ್ದರೆ ಕೊನೆಯವರೆಗೂ ಹೋಗಿ.

ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ ಬೇರೆಯೇ ಇದೆ. ನಮ್ಮ ದೇಶದ 2013ರ ಕಾಪಿರೈಟ್ ನಿಯಮಗಳಲ್ಲಿ ಇದಕ್ಕೊಂದು ಪದ್ಧತಿ ಇದೆ. ಹಕ್ಕುದಾರರು ದೂರು ಕೊಟ್ಟರೆ ಯೂಟ್ಯೂಬಿನಂಥ ತಾಣ 36 ಗಂಟೆಯೊಳಗೆ ಆ ವಿಡಿಯೋವನ್ನು ತಡೆಹಿಡಿಯಬೇಕು. ಆದರೆ 21 ದಿನದೊಳಗೆ ದೂರು ಕೊಟ್ಟವರು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ಹಾಕಬಹುದು. ಅಂದರೆ ಕಾನೂನು ದೂರುದಾರನಿಗೆ ಹೇಳುವುದು: ನಿನ್ನ ಮಾತು ನಿಜವಾದರೆ ನ್ಯಾಯಾಧೀಶರ ಮುಂದೆ ಹೇಳು. ಯಂತ್ರದ ವ್ಯವಸ್ಥೆಯಲ್ಲಿ ಈ ಹೊರೆ ತಲೆಕೆಳಗಾಗಿದೆ. ಅಲ್ಲಿ ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ವಿಚಾರಣೆ ಮಾಡುವವರೂ ಮೊದಲಿಗೆ ಕ್ಲೇಮ್ ಹಾಕಿದವರೇ. ದೇಶದ ಕಾನೂನಿಗಿಂತ ಒಂದು ಕಂಪನಿಯ ಒಳಗಿನ ಏರ್ಪಾಡು ದೊಡ್ಡದಾಗಿ ಕೂತಿದೆ. ಇದನ್ನು ನಾವು ಒಪ್ಪಿಕೊಳ್ಳಬಾರದು. ಕಾಯ್ದೆಯ 60ನೇ ಸೆಕ್ಷನ್ ಇನ್ನೂ ಒಂದು ಮಾತು ಹೇಳುತ್ತದೆ. ಆಧಾರವಿಲ್ಲದೆ ಕಾಪಿರೈಟ್ ಕೇಸಿನ ಬೆದರಿಕೆ ಹಾಕಿದವರ ಮೇಲೆ ನೀವೇ ಕೋರ್ಟಿಗೆ ಹೋಗಬಹುದು, ನಷ್ಟವನ್ನೂ ಕೇಳಬಹುದು. ಇದು ನಿಮ್ಮ ಮಗನಿಗೂ ಗೊತ್ತಿರಲಿ.

ಇದೇ ಯಂತ್ರ ಕಾಯಬೇಕಾದವರನ್ನು ಕಾಯುವುದಿಲ್ಲ. ಕರಾವಳಿಯಲ್ಲಿ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಊರಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರೆ. ಮಳೆಗಾಲ ಪೂರ್ತಿ ಇಲ್ಲಿ ಆಟ, ತಾಳಮದ್ದಳೆ. ಎದುರಿಗೆ ಕೂತವರು ಇಡೀ ಪ್ರಸಂಗವನ್ನು ಫೋನಿನಲ್ಲಿ ಲೈವ್ ಬಿಡುತ್ತಾರೆ. ಪ್ರಸಂಗ ಹಾಡುವ ಭಾಗವತರನ್ನು ಒಂದು ಮಾತು ಕೇಳುವುದಿಲ್ಲ. ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಪ್ರದರ್ಶನ ಕೊಟ್ಟ ಕಲಾವಿದರಿಗೆ 50 ವರ್ಷ ತಮ್ಮದೇ ಹಕ್ಕಿದೆ. ಆದರೆ ಕಂಟೆಂಟ್ ಐಡಿ ಎಲ್ಲರಿಗೂ ಸಿಗುವುದಿಲ್ಲ. ದೊಡ್ಡ ಸಂಗ್ರಹ ಇರುವವರಿಗೆ ಮಾತ್ರ. ಹೀಗಾಗಿ ಯಾರದೂ ಅಲ್ಲದ ದಾಸರ ಪದಕ್ಕೆ ಕಾವಲುಗಾರ ಇದ್ದಾನೆ. ತನ್ನದೇ ಆದ ಭಾಗವತಿಕೆಗೆ ಆ ಭಾಗವತನಿಗೆ ಕಾವಲಿಲ್ಲ. ನಿಮ್ಮ ಮಂಡಳಿ ಇಂಥ ಆಟ ಕರೆಸಿದರೆ ವಿಡಿಯೋಗೆ ಕಲಾವಿದರ ಒಪ್ಪಿಗೆಯನ್ನು ದಯವಿಟ್ಟು ಮೊದಲೇ ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಯಕ್ಷಗಾನ ಎಂದಾಗ ಶಿವರಾಮ ಕಾರಂತರ ಕೇಸು ಹೇಳಲೇಬೇಕು. ಕಾರಂತರು 1997ರಲ್ಲಿ ತೀರಿಕೊಂಡರು. ಅವರು ಹೊಸ ರೂಪ ಕೊಟ್ಟ ಏಳು ಪ್ರಸಂಗಗಳ ಹಕ್ಕಿನ ಜಗಳ ಉಡುಪಿಯ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಮಣಿಪಾಲದ ಅಕಾಡೆಮಿ ಎಂಬ ಶಿಕ್ಷಣ ಸಂಸ್ಥೆ ಒಂದು ಕಡೆ, ಕಾರಂತರು ತಮ್ಮ ಮರಣಪತ್ರದಲ್ಲಿ ಹಕ್ಕು ಬರೆದುಕೊಟ್ಟವರು ಇನ್ನೊಂದು ಕಡೆ. ಹಕ್ಕು ಆ ಮರಣಪತ್ರದ ಪ್ರಕಾರವೇ ಉಳಿಯಿತು. ಆದರೆ 2009ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಬಾಗಿಲು ತೆರೆದಿಟ್ಟಿತು. ಕಾಯ್ದೆಯ 52ನೇ ಸೆಕ್ಷನ್ ಕೊಟ್ಟಿರುವ ವಿನಾಯಿತಿಗಳ ಒಳಗೆ ಪ್ರದರ್ಶನ ಮಾಡಿದರೆ ಅದು ಉಲ್ಲಂಘನೆ ಅಲ್ಲ ಎಂದಿತು.

ಆ 52ನೇ ಸೆಕ್ಷನ್ ನಿಮ್ಮಂಥವರಿಗೇ ಬರೆದ ಹಾಗಿದೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಹಾಡಿದರೆ, ನಾಟಕ ಆಡಿದರೆ ಅನುಮತಿ ಬೇಡ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೂ ಬೇಡ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅವರ ಕವಿತೆಗಳ ಮೇಲೆ 2041ರ ಕೊನೆಯವರೆಗೆ ಹಕ್ಕಿದೆ. ಆದರೂ ನಿಮ್ಮ ಸಭೆಯಲ್ಲಿ ಟಿಕೆಟ್ ಇಲ್ಲದೆ ಅವರ ಹಾಡು ಹಾಡಲು ಯಾರೂ ತಡೆಯುವಂತಿಲ್ಲ. ಒಂದು ಗಡಿ ಮಾತ್ರ ನೆನಪಿಡಿ. ಈ ವಿನಾಯಿತಿ ಸಭೆಯಲ್ಲಿ ಹಾಡುವುದಕ್ಕೆ. ಅದೇ ಹಾಡನ್ನು ಇಂಟರ್ನೆಟ್ಟಿಗೆ ಹಾಕುವುದು ಬೇರೆ ಹಕ್ಕು. ಅದಕ್ಕೆ ಅನುಮತಿ ಕೇಳಬೇಕು. ಕವಿಗಳ ಮನೆಯವರಿಗೆ ಪತ್ರ ಬರೆಯಿರಿ. ಭಜನಾ ಮಂಡಳಿ ಪ್ರೀತಿಯಿಂದ ಕೇಳಿದರೆ ಇಲ್ಲ ಎಂದವರನ್ನು ನಾನು ಕಂಡಿದ್ದು ಕಡಿಮೆ.

ಮದುವೆಗೂ ವಿನಾಯಿತಿ ಇದೆ. ಇದು ನನ್ನ ಮನೆಯಲ್ಲೇ ನಡೆದದ್ದು. ಅಕ್ಕನ ಮಗಳ ಮದುವೆ, ಠಾಣೆ ಕಡೆಯ ಒಂದು ಮದುವೆ ಹಾಲ್. ಸಂಗೀತದ ಲೈಸೆನ್ಸ್ ಇಲ್ಲದಿದ್ದರೆ ಸ್ಪೀಕರ್ ಹಚ್ಚಬೇಡಿ ಎಂದು ಮ್ಯಾನೇಜರ್ ಹಿಂದಿನ ರಾತ್ರಿ ಹೇಳಿದರು. ಭಾವ ಗಾಬರಿಯಾಗಿ ದುಡ್ಡು ತೆಗೆದು ಕೈಯಲ್ಲಿ ಹಿಡಿದಿದ್ದರು. ನಾನು ಕಾಯ್ದೆಯ ಪುಟ ತೋರಿಸಿದೆ. ಧಾರ್ಮಿಕ ವಿಧಿಯಲ್ಲಿ, ಮದುವೆಯ ಮೆರವಣಿಗೆಯಲ್ಲಿ, ಮದುವೆಗೆ ಸೇರಿದ ಇತರ ಸಂಭ್ರಮದಲ್ಲಿ ಹಾಡು ಹಾಕಿದರೆ ಉಲ್ಲಂಘನೆ ಅಲ್ಲ ಎಂದು ಅಲ್ಲೇ ಬರೆದಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಇದನ್ನು ಸ್ಪಷ್ಟಪಡಿಸಿತು. ಗೋವಾ ಸರ್ಕಾರ ಇದೇ ಅರ್ಥದ ಸುತ್ತೋಲೆ ಹೊರಡಿಸಿತ್ತು. ಅದನ್ನು 2024ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ರದ್ದು ಮಾಡಿತು. ಆದರೆ ರದ್ದಾದದ್ದು ಸುತ್ತೋಲೆ. ಕಾಯ್ದೆಯ ವಿನಾಯಿತಿ ಇದ್ದಲ್ಲೇ ಇದೆ. ಈಗಲೂ ಮದುವೆ ಸೀಸನ್ನಿನಲ್ಲಿ ಯಾರಾದರೂ ಕೇಳಿದರೆ ಆ ಪುಟದ ಫೋಟೋ ಕಳಿಸುತ್ತೇನೆ.

ಇನ್ನು ನಾಟಕ. ಇಲ್ಲಿ ಸಮಾಧಾನದ ಮಾತು ಹೇಳಲು ನನ್ನ ಹತ್ತಿರ ಜಾಸ್ತಿ ಇಲ್ಲ. ಸಭಾಂಗಣದವರು ಕೇಳಿದ್ದು ಸರಿಯೇ. ಮಹಾರಾಷ್ಟ್ರದಲ್ಲಿ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳ ಎಂಬ ಸರ್ಕಾರಿ ಮಂಡಳಿ ಇದೆ. ನಾಟಕದ ಹಸ್ತಪ್ರತಿಯನ್ನು ಮೊದಲು ಅವರು ಓದಬೇಕು. ಅವರು ಸರ್ಟಿಫಿಕೇಟ್ ಕೊಟ್ಟ ಮೇಲೆ ಪ್ರಯೋಗ. ಇದರ ಬೇರು ಇರುವುದು 1951ರ ಬಾಂಬೆ ಪೊಲೀಸ್ ಕಾಯ್ದೆಯಲ್ಲಿ. ನಾಟಕವನ್ನು ಪೊಲೀಸ್ ಕಾಯ್ದೆಯ ಕೆಳಗೆ ಇಟ್ಟಿದ್ದಾರೆ, ಗಮನಿಸಿ. ಮರಾಠಿ ನಾಟಕಗಳಿಗೆ ಮಾತ್ರ ಎಂದು ನಮ್ಮವರು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ, ಬೇರೆ ಭಾಷೆಯ ನಾಟಕಗಳಿಗೂ ಇದು ಬೇಕು.

1970ರ ದಶಕದಲ್ಲಿ ಮರಾಠಿ ನಾಟಕಕಾರ ವಿಜಯ್ ತೆಂಡೂಲ್ಕರರ ‘ಸಖಾರಾಮ್ ಬೈಂಡರ್’ ಈ ಮಂಡಳಿಯ ಕಾರಣಕ್ಕೇ ಹೈಕೋರ್ಟಿಗೆ ಹೋಗಬೇಕಾಯ್ತು. ನಿರ್ದೇಶಕ ಕಮಲಾಕರ ಸಾರಂಗ ಹೋರಾಡಿ ಗೆದ್ದರು. ಗೆದ್ದದ್ದು ಒಂದು ನಾಟಕ, ಪದ್ಧತಿ ಹಾಗೇ ಉಳಿಯಿತು. 2016ರಲ್ಲಿ ನಟ, ನಿರ್ದೇಶಕ ಅಮೋಲ್ ಪಾಲೇಕರ್ ಈ ಪದ್ಧತಿಯನ್ನೇ ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅವರ ಪ್ರಶ್ನೆ ನನ್ನದೂ ಹೌದು. ಕಾದಂಬರಿ ಅಚ್ಚು ಹಾಕಲು ಯಾರ ಸರ್ಟಿಫಿಕೇಟೂ ಬೇಡ. ಫೋನಿನಲ್ಲಿ ಬರುವ ಸೀರೀಸಿಗೆ ಬೇಡ, 2021ರ ನಿಯಮದಂತೆ ವಯಸ್ಸಿನ ಗುರುತನ್ನು ಅವರೇ ಹಾಕಿಕೊಳ್ಳುತ್ತಾರೆ. 200 ಕುರ್ಚಿಯ ಹಾಲಿನಲ್ಲಿ ನೆರೆಹೊರೆಯವರ ಮುಂದೆ ಆಡುವ ನಾಟಕಕ್ಕೆ ಯಾಕೆ ಬೇಕು? 1876ರಲ್ಲಿ ಬ್ರಿಟಿಷರು ತಂದ ನಾಟಕ ನಿಯಂತ್ರಣ ಕಾಯ್ದೆಯನ್ನು ನಮ್ಮ ಸಂಸತ್ತೇ ತೆಗೆದುಹಾಕಿ ಆಯ್ತು. ತಮಿಳುನಾಡಿನ 1954ರ ಇಂಥದೇ ಕಾಯ್ದೆಯ ಮುಖ್ಯ ಸೆಕ್ಷನ್‌ಗಳನ್ನು 2013ರಲ್ಲಿ ಮದ್ರಾಸ್ ಹೈಕೋರ್ಟ್ ಹೊಡೆದುಹಾಕಿತು. ಮಹಾರಾಷ್ಟ್ರದ ರಂಗಭೂಮಿ ಇಷ್ಟು ದೊಡ್ಡದು, ಆದರೂ ಅದು ಮೊದಲು ಕೈಕಟ್ಟಿ ನಿಂತು ಪರೀಕ್ಷೆ ಕೊಡಬೇಕು. ಇದರಿಂದ ಹೆಚ್ಚು ಪೆಟ್ಟು ಬೀಳುವುದು ದೊಡ್ಡ ತಂಡಗಳಿಗಲ್ಲ. ಅವರಿಗೆ ಓಡಾಡಲು ಜನ ಇದ್ದಾರೆ. ಪೆಟ್ಟು ನಿಮಗೆ. ಅಡುಗೆ ಮುಗಿಸಿ, ಲೋಕಲ್ ಹಿಡಿದು, ಕಚೇರಿ ಹುಡುಕಿ, ಹಸ್ತಪ್ರತಿ ಕೊಟ್ಟು ಬರುವಷ್ಟರಲ್ಲಿ ನಾಟಕದ ಹುಮ್ಮಸ್ಸೇ ಆರಿಹೋಗುತ್ತದೆ.

ಸದ್ಯಕ್ಕೆ ನಿಯಮ ಇದೆ, ಹಾಗಾಗಿ ಪಾಲಿಸಿ. ಪ್ರಯೋಗಕ್ಕೆ ಎರಡು ಮೂರು ತಿಂಗಳು ಇರುವಾಗಲೇ ಹಸ್ತಪ್ರತಿ ಕೊಡಿ. ಜೊತೆಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕಥೆಯ ಸಾರ ಇಡಿ. ಏನಾದರೂ ಕತ್ತರಿಸಲು ಹೇಳಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿಗೆ ಒಂದು ಸಾಲನ್ನೂ ತೆಗೆಯಬೇಡಿ. ಯಾವ ನಾಟಕ ಎಂದು ಇನ್ನೂ ತೀರ್ಮಾನ ಆಗದಿದ್ದರೆ ಕೈಲಾಸಂ ಅವರನ್ನು ನೋಡಿ. ಅವರು 1946ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಅಚ್ಚಾದ ನಾಟಕಗಳು 2007ರ ಜನವರಿಯಿಂದ ಎಲ್ಲರದು. ಟಿಕೆಟ್ ಇಟ್ಟು ಆಡಿ, ವಿಡಿಯೋ ಹಾಕಿ, ಯಾರನ್ನೂ ಕೇಳಬೇಕಿಲ್ಲ.

ಇ-ಪುಸ್ತಕದ ವಿಷಯ ಚಿಕ್ಕದು. ನೀವು ಕೊಂಡದ್ದು ಪುಸ್ತಕ ಅಲ್ಲ, ಓದುವ ಪರವಾನಗಿ. ನಾವು ಓದದೆ ‘ಒಪ್ಪಿದೆ’ ಎಂದು ಒತ್ತುವ ಷರತ್ತಿನಲ್ಲಿ ಅದು ಇರುತ್ತದೆ. ದುಡ್ಡು ವಾಪಸ್ ಕೇಳಿ, ಕೊಡದಿದ್ದರೆ ಗ್ರಾಹಕರ ವೇದಿಕೆಗೆ ಹೋಗಿ. ಮುಂದೆ ಸಾಧ್ಯವಾದಷ್ಟೂ ನಕಲು ತಡೆಯುವ ಡಿಜಿಟಲ್ ಬೀಗ ಇಲ್ಲದ ಫೈಲ್ ಕೊಡುವ ಪ್ರಕಾಶಕರಿಂದ ಕೊಳ್ಳಿ. ಡಿಜಿಟಲ್ ಬೀಗ ಮುರಿಯುವುದು 2012ರಿಂದ ನಮ್ಮಲ್ಲೂ ಅಪರಾಧ, 2 ವರ್ಷದವರೆಗೆ ಶಿಕ್ಷೆ ಇದೆ. ಆದರೆ ಹಕ್ಕಿನ ಉಲ್ಲಂಘನೆ ಮಾಡುವ ಉದ್ದೇಶ ಇದ್ದರೆ ಮಾತ್ರ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆದರೆ ಅಪರಾಧ ಅಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ.

ಕೊನೆಗೆ ನಿಮ್ಮ ಅಪ್ಪನ ತಟ್ಟೆಗಳು. ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ದಿನವಿಡೀ ಹೋಟೆಲಿನಲ್ಲಿ ದುಡಿದವರು ಕೂಡಿಟ್ಟ ದುಡ್ಡಿನಲ್ಲಿ ತಟ್ಟೆ ಕೊಂಡರಲ್ಲ, ಆ ಪ್ರೀತಿ ದೊಡ್ಡದು. ಧ್ವನಿಮುದ್ರಣದ ಹಕ್ಕು ಹಾಡಿದವರ ಆಯುಸ್ಸಿನ ಲೆಕ್ಕದ್ದಲ್ಲ. ತಟ್ಟೆ ಬಿಡುಗಡೆಯಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. 1964ರ ಕೊನೆಯೊಳಗೆ ಬಿಡುಗಡೆಯಾದ ತಟ್ಟೆಗಳ ಹಕ್ಕು 2024ರ ಕೊನೆಗೇ ಮುಗಿದಿದೆ. ಅದರಲ್ಲಿ ಇರುವುದು ದಾಸರ ಪದ, ಹಳೆಯ ಧಾಟಿ ಎಂದಾದರೆ ಮೂರು ಪದರವೂ ಮುಕ್ತ. ಧಾರಾಳವಾಗಿ ಹಾಕಿ. ಸಿನಿಮಾ ಹಾಡು, ಭಾವಗೀತೆ ಆದರೆ ಕವಿಯ, ಸಂಗೀತ ನಿರ್ದೇಶಕರ ಆಯುಸ್ಸು ನೋಡಬೇಕು. ಅಂಥವನ್ನು ಕಂಪ್ಯೂಟರಿಗೆ ಇಳಿಸಿ ಮನೆಯಲ್ಲಿ ಕೇಳಲು ಅಡ್ಡಿಯಿಲ್ಲ, ಸ್ವಂತ ಬಳಕೆಗೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಜೈಲಿನ ಮಾತೇ ಬರುವುದಿಲ್ಲ.

ಈ 60 ವರ್ಷ ಎಲ್ಲಿಂದ ಬಂತು ಗೊತ್ತೇ? ಮೊದಲು ಬರಹಕ್ಕೆ 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು. ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯ ಹೆಚ್ಚು ಕಾಲ ಕೊಡಿ ಎಂದು ಕೇಳಿಕೊಂಡಿತು. ಕಾಯ್ದೆ ತಿದ್ದಿ 10 ವರ್ಷ ಸೇರಿಸಿದರು. ಒಬ್ಬ ಮಹಾಕವಿಗಾಗಿ ಮಾಡಿದ ತಿದ್ದುಪಡಿ ದೇಶದ ಎಲ್ಲ ಬರಹಕ್ಕೂ ಬಿತ್ತು, ಧ್ವನಿಮುದ್ರಣಕ್ಕೂ ಬಿತ್ತು. ಠಾಕೂರರ ಹಾಡು ಅಷ್ಟು ವರ್ಷ ಕಾದರೂ ಹಾಳಾಗುವುದಿಲ್ಲ, ಅದನ್ನು ನೋಡಿಕೊಳ್ಳಲು ಜನ ಇದ್ದಾರೆ. ಮುಂಬಯಿಯ ಕನ್ನಡ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳನ್ನು ಯಾರು ನೋಡಿಕೊಳ್ಳುತ್ತಾರೆ? ಬರೆದವರು ಯಾರೋ, ವಾರಸುದಾರರು ಎಲ್ಲಿದ್ದಾರೋ. ಹಕ್ಕಿನ ಹೆದರಿಕೆಯಿಂದ ಯಾರೂ ಸ್ಕ್ಯಾನ್ ಮಾಡುವುದಿಲ್ಲ, ಗೆದ್ದಲಿಗೆ ಆ ಹೆದರಿಕೆ ಇಲ್ಲ. ಹೆಸರಿಲ್ಲದೆ ಅಚ್ಚಾದ ಬರಹಗಳ ಹಕ್ಕು ಅಚ್ಚಾದ 60 ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನಾದರೂ ನಮ್ಮ ಸಂಘಗಳು ತಿಳಿದುಕೊಳ್ಳಬೇಕು.

ತಟ್ಟೆಗಳನ್ನು ನಿಲ್ಲಿಸಿ ಇಡಿ, ಒಂದರ ಮೇಲೊಂದು ಮಲಗಿಸಬೇಡಿ. ಮಳೆಗಾಲದ ತೇವದಿಂದ ದೂರ ಇರಲಿ. ಪ್ರತಿಯೊಂದರ ನಡುವಿನ ಕಾಗದದ ಫೋಟೋ ತೆಗೆದು ನನಗೆ ಕಳಿಸಿ. ಹಾಡಿದವರ ಹೆಸರು, ತಟ್ಟೆಯ ಸಂಖ್ಯೆ, ಕಂಪನಿಯ ಗುರುತು ಕಾಣುವಂತಿರಲಿ. ಯಾವುದು ಮುಕ್ತ, ಯಾವುದಕ್ಕೆ ಯಾರನ್ನು ಕೇಳಬೇಕು ಎಂದು ಒಂದೊಂದಾಗಿ ನೋಡಿ ಬರೆಯುತ್ತೇನೆ.